ದುಡಿಮೆಯ ಸ್ಥಳದಲ್ಲಿ ಮಾನಸಿಕ ಆರೋಗ್ಯ: ಮಾಲೀಕರು ಅರಿಯಬೇಕಾದ ಲೆಕ್ಕ

ಗಿರಣಿಯಲ್ಲಿ ಬೆಲ್ಟಿಗೆ ಸಿಕ್ಕು ಕೆಲಸಗಾರನ ಕೈಗೆ ಪೆಟ್ಟಾದರೆ ಅದನ್ನು ಬರೆದಿಡಲು ಒಂದು ವಹಿ ಇದೆ. ದಿನಾಂಕ, ವೇಳೆ, ಗಾಯದ ಸ್ವರೂಪ, ಕೊಟ್ಟ ಪರಿಹಾರ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಅದೇ ಗಿರಣಿಯಲ್ಲಿ ಮೂರು ತಿಂಗಳಿನಿಂದ ಸರಿಯಾಗಿ ನಿದ್ರೆ ಕಾಣದೆ, ಊಟ ಸೇರದೆ, ಯಾರೊಡನೆಯೂ ಮಾತನಾಡದೆ ಒಳಗೊಳಗೇ ಕುಸಿಯುತ್ತಿರುವ ಗುಮಾಸ್ತನ ಬಗ್ಗೆ ಹಾಜರಿ ಪುಸ್ತಕದಲ್ಲಿ ಸಿಗುವುದು ‘ಗೈರುಹಾಜರು’ ಎಂಬ ಒಂದೇ ಶಬ್ದ. ಅದು ನಾಲ್ಕಾರು ಸಲ ಬಂದ ಮೇಲೆ ಆ ಹೆಸರೇ ಪುಸ್ತಕದಿಂದ ಮಾಯವಾಗುತ್ತದೆ. ಆ ಜಾಗಕ್ಕೆ ಹೊಸಬ ಬರುತ್ತಾನೆ. ಹಳಬನಿಗೆ ಏನಾಗಿತ್ತೆಂಬುದು ಮಾಲೀಕರಿಗೂ ತಿಳಿಯುವುದಿಲ್ಲ, ಅವನನ್ನು ಕಳೆದುಕೊಂಡುದರಿಂದ ಸಂಸ್ಥೆಗಾದ ನಷ್ಟವೆಷ್ಟೆಂಬುದು ಲಾಭ-ನಷ್ಟದ ಪಟ್ಟಿಯಲ್ಲಿಯೂ ಕಾಣುವುದಿಲ್ಲ.

ಮಾನಸಿಕ ಆರೋಗ್ಯವೆಂದರೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ವಿಷಯ, ನಮ್ಮ ಅಡತಿ ಅಂಗಡಿಗೂ ಅಕ್ಕಿ ಗಿರಣಿಗೂ ಅದು ಸಂಬಂಧಿಸಿದ್ದಲ್ಲವೆಂಬ ಭಾವನೆ ವರ್ತಕ ವಲಯದಲ್ಲಿ ವ್ಯಾಪಕವಾಗಿದೆ. ಅಂಕಿ ಅಂಶಗಳು ಬೇರೆಯದನ್ನು ಹೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಖಿನ್ನತೆ ಮತ್ತು ಆತಂಕಗಳಿಂದ ಪ್ರಪಂಚದಲ್ಲಿ ವರ್ಷಕ್ಕೆ 1,200 ಕೋಟಿ ದುಡಿಮೆಯ ದಿನಗಳು ನಷ್ಟವಾಗುತ್ತವೆ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6ರಷ್ಟು ಜನರಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇದ್ದುದು ಕಂಡುಬಂತು. ಆ 12 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. ಆದರೂ ನಮ್ಮಲ್ಲಿ ಪ್ರಮಾಣ ತೀರ ಬೇರೆಯಾಗಿರುತ್ತದೆಂದು ನಂಬಲು ಕಾರಣವಿಲ್ಲ. ಸ್ಥೂಲವಾಗಿ ಹತ್ತರಲ್ಲಿ ಒಬ್ಬರು. ಮೂವತ್ತು ಜನ ದುಡಿಯುವ ಗಿರಣಿಯಲ್ಲಿ ಈ ಲೆಕ್ಕ ಎಷ್ಟಾಗುತ್ತದೆಂಬುದನ್ನು ಓದುಗರೇ ಹಾಕಿಕೊಳ್ಳಬಹುದು. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಯಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರ ಸಂಖ್ಯೆ 1,70,924. ಅವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ದಿನಗೂಲಿಗಳು.

ನದಿಯ ಆಚೆ ದಂಡೆಯ ಪ್ರಯೋಗ

ಈ ವಿಷಯದಲ್ಲಿ ಇಡೀ ದೇಶಕ್ಕೆ ಮಾದರಿಯಾದ ಕೆಲಸ ನಡೆದುದು ಕೊಪ್ಪಳಕ್ಕೆ ತೀರ ಸಮೀಪದಲ್ಲಿ ಎಂಬ ಸಂಗತಿ ಇಲ್ಲಿನ ಬಹಳ ಜನರಿಗೆ ತಿಳಿದಿಲ್ಲ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಆರಂಭವಾಯಿತು. ಆದರೆ ಮನೋವೈದ್ಯರೇ ಇಲ್ಲದ ಜಿಲ್ಲೆಗಳಲ್ಲಿ ಅದನ್ನು ಜಾರಿಗೆ ತರುವ ಬಗೆ ಹೇಗೆಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಎಪ್ಪತ್ತರ ದಶಕದಲ್ಲಿಯೇ ಗ್ರಾಮೀಣ ಮಾನಸಿಕ ಆರೋಗ್ಯದ ಕೆಲಸ ಆರಂಭಿಸಿದ್ದ ನಿಮ್ಹಾನ್ಸ್, 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯನ್ನು ಪ್ರಯೋಗಕ್ಕೆ ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೆ ಮಾನಸಿಕ ರೋಗಗಳ ಚಿಕಿತ್ಸೆಯಲ್ಲಿ ತರಬೇತಿ ಕೊಡಲಾಯಿತು. ಹಳ್ಳಿಗಳಲ್ಲಿ ಓಡಾಡುವ ಆರೋಗ್ಯ ಕಾರ್ಯಕರ್ತರಿಗೆ ರೋಗಲಕ್ಷಣಗಳನ್ನು ಗುರುತಿಸಲು ಕಲಿಸಲಾಯಿತು. ಅತ್ಯಗತ್ಯವಾದ ಕೆಲವೇ ಔಷಧಿಗಳನ್ನು ಕೇಂದ್ರಗಳಲ್ಲಿ ಇರಿಸಿ, ಕಠಿಣ ಪ್ರಕರಣಗಳನ್ನು ಮಾತ್ರ ಜಿಲ್ಲಾ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ ಮಾಡಲಾಯಿತು. ರೋಗಿಯನ್ನು ಊರು ಬಿಡಿಸದೆ, ದುಡಿಮೆ ಬಿಡಿಸದೆ ಚಿಕಿತ್ಸೆ ನೀಡಲು ಸಾಧ್ಯವೆಂದು ಅಲ್ಲಿ ಸಿದ್ಧವಾಯಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಈ ಪದ್ಧತಿಯನ್ನು ಆಧರಿಸಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಇಂದು ಅದು ದೇಶದ ಏಳುನೂರಕ್ಕೂ ಹೆಚ್ಚು ಜಿಲ್ಲೆಗಳಿಗೆ ವಿಸ್ತರಿಸಿದೆ.

ಆ ದಿನಗಳಲ್ಲಿ ಕೊಪ್ಪಳ ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಮನಸ್ಸಿನ ಕಾಯಿಲೆ ಎಂದರೆ ಧಾರವಾಡದ ಆಸ್ಪತ್ರೆಯೊಂದೇ ಜನರ ನೆನಪಿಗೆ ಬರುತ್ತಿದ್ದ ಕಾಲ ಅದು. ‘ಇವನನ್ನ ಧಾರವಾಡಕ್ಕ ಕಳಸಬೇಕು’ ಎಂಬ ಮಾತು ಈ ಭಾಗದಲ್ಲಿ ಇಂದಿಗೂ ಬೈಗುಳವಾಗಿಯೇ ಉಳಿದಿದೆ. ಪರಿಸ್ಥಿತಿ ಮಾತ್ರ ಬದಲಾಗಿದೆ. ಕೊಪ್ಪಳದಲ್ಲಿಯೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಭೇಟಿ ನೀಡುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವನ್ನು ರಾಜ್ಯದಲ್ಲಿ ರೂಪಿಸಲಾಗಿದೆ. ಹೋಗುವ ಮೊದಲು ಆಸ್ಪತ್ರೆಯಲ್ಲಿ ದಿನವನ್ನು ವಿಚಾರಿಸಿಕೊಳ್ಳುವುದು ಒಳಿತು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ-ಮಾನಸ್’ ದೂರವಾಣಿ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳು, ಕನ್ನಡದಲ್ಲಿಯೂ, ಉಚಿತವಾಗಿ ದೊರೆಯುತ್ತದೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಈ ವಿಷಯವಾಗಿ ಸರಳ ಕನ್ನಡದಲ್ಲಿ ಬರೆದ ಅನೇಕ ಪುಸ್ತಕಗಳಿವೆ.

ಹೀಗಿರುವಾಗ ಚಿಕಿತ್ಸೆ ಪಡೆಯಲು ಜನ ಹಿಂಜರಿಯುವುದೇಕೆ? ದೂರ ಮತ್ತು ಖರ್ಚು ಒಂದು ಕಾರಣ ನಿಜ. ಅದಕ್ಕಿಂತ ದೊಡ್ಡ ಕಾರಣ ಭಯ. ವಿಷಯ ತಿಳಿದರೆ ಕೆಲಸ ಹೋಗುತ್ತದೆ, ನಾಳೆ ಗಲ್ಲಾಪೆಟ್ಟಿಗೆಯ ಕೀಲಿಕೈ ತನಗೆ ಕೊಡುವುದಿಲ್ಲ, ತಂಗಿಯ ಮದುವೆ ನಿಲ್ಲುತ್ತದೆ ಎಂಬ ಭಯ. ಈ ಮೂರರಲ್ಲಿ ಮೊದಲೆರಡು ನೇರವಾಗಿ ಮಾಲೀಕರ ಕೈಯಲ್ಲಿವೆ. ಚಿಕಿತ್ಸೆ ಕೊಡುವುದು ವೈದ್ಯರ ಕೆಲಸ. ಚಿಕಿತ್ಸೆ ಪಡೆದುದಕ್ಕಾಗಿ ಯಾರ ಅನ್ನವೂ ಹೋಗದು ಎಂಬ ಭರವಸೆ ಕೊಡುವುದು ಮಾಲೀಕರ ಕೆಲಸ. ಉಳಿದುದೆಲ್ಲ ಇದರ ವಿವರ.

ನಮ್ಮ ಪೇಟೆಗಳ ಒತ್ತಡದ ಸ್ವರೂಪ

ಜಿಲ್ಲೆಯ ತಾಲ್ಲೂಕುಗಳ ಉದ್ಯೋಗ ಒಂದೇ ತೆರನಾಗಿಲ್ಲ, ಆದ್ದರಿಂದ ಒತ್ತಡವೂ ಒಂದೇ ತೆರನಾಗಿಲ್ಲ. ಗಂಗಾವತಿ ಮತ್ತು ಕಾರಟಗಿಯ ಅಕ್ಕಿ ಗಿರಣಿಗಳು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಅವಲಂಬಿಸಿವೆ. ಭತ್ತದ ಸುಗ್ಗಿ ಬಂದರೆ ಹಗಲು ರಾತ್ರಿ ಗಿರಣಿ ತಿರುಗುತ್ತದೆ, ಸುಗ್ಗಿ ಮುಗಿದರೆ ಕೆಲಸವೇ ಇರುವುದಿಲ್ಲ. ಸುಗ್ಗಿಯಲ್ಲಿ ವಾರಗಟ್ಟಲೆ ರಾತ್ರಿ ಪಾಳಿ ಮಾಡಿದವನಿಗೆ ಮೊದಲು ಕೆಡುವುದು ನಿದ್ರೆ. ನಿದ್ರೆ ಕೆಡುವುದು ಅನೇಕ ಮಾನಸಿಕ ಕಾಯಿಲೆಗಳ ಲಕ್ಷಣ ಮಾತ್ರವಲ್ಲ, ಕೆಲವು ಕಾಯಿಲೆಗಳು ಮರುಕಳಿಸಲು ಕಾರಣವೂ ಹೌದು. ಒಮ್ಮೆ ಅತಿ ಉತ್ಸಾಹ, ಮತ್ತೊಮ್ಮೆ ಆಳವಾದ ಖಿನ್ನತೆ ಬರುವ ಕಾಯಿಲೆಯುಳ್ಳವರಿಗೆ ರಾತ್ರಿ ಪಾಳಿ ವಿಶೇಷವಾಗಿ ಅಪಾಯಕರ.

ಕೊಪ್ಪಳದ ಗಿಣಿಗೇರಾ, ಅಲ್ಲಾನಗರದ ಸುತ್ತಲಿನ ಕಬ್ಬಿಣ ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳಲ್ಲಿ ಕುಲುಮೆಯ ಕಾವು, ಸದ್ದು, ಧೂಳು, ಗುತ್ತಿಗೆ ಕೆಲಸದ ಅನಿಶ್ಚಿತತೆ ಒಟ್ಟಾಗಿವೆ. ಹೊರ ರಾಜ್ಯಗಳಿಂದ ಬಂದ ಕಾರ್ಮಿಕರು ಭಾಷೆ ಬಾರದೆ, ಹೆಂಡತಿ ಮಕ್ಕಳನ್ನು ಬಿಟ್ಟು, ಒಂದು ಕೋಣೆಯಲ್ಲಿ ಹಲವರು ಮಲಗುವ ಸ್ಥಿತಿಯಲ್ಲಿರುತ್ತಾರೆ. ಅವರ ದುಃಖ ಕನ್ನಡದಲ್ಲಿ ಹೇಳಿಕೊಳ್ಳಲು ಬಾರದ ದುಃಖ. ಕುಷ್ಟಗಿಯ ಗ್ರಾನೈಟ್ ಗಣಿಗಳಲ್ಲಿ ಗಂಡಸರು ಊರಿಂದ ದೂರ, ಜನಸಂಪರ್ಕವಿಲ್ಲದ ಜಾಗದಲ್ಲಿ ದುಡಿಯುತ್ತಾರೆ. ಯಲಬುರ್ಗಾದ ಕಥೆ ಬೇರೆ. ಅಲ್ಲಿನದು ಮಳೆಯಾಶ್ರಿತ ಬೇಸಾಯ. ಮಳೆ ಕೈಕೊಟ್ಟ ವರ್ಷ ಅರ್ಧ ಊರೇ ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಗುಳೆ ಹೋಗುತ್ತದೆ, ಉಳಿದವರಲ್ಲಿ ಅಂಗಡಿಕಾರ ತನ್ನ ಉದ್ರಿ ಪುಸ್ತಕ ನೋಡುತ್ತ ಕೂಡುತ್ತಾನೆ. ಭಾನಾಪುರದ ಆಟಿಕೆ ಉದ್ಯಮದಂತಹ ಹೊಸ ಘಟಕಗಳಿಗೆ ಹಳ್ಳಿಯ ಹೆಣ್ಣುಮಕ್ಕಳು ಮೊದಲ ಬಾರಿ ಸಂಬಳದ ಕೆಲಸಕ್ಕೆ ಬರುತ್ತಿದ್ದಾರೆ. ಮನೆಗೆಲಸ ಕಡಿಮೆಯಾಗದೆ ಕಾರ್ಖಾನೆಯ ಕೆಲಸ ಸೇರಿಕೊಂಡಾಗ ಅವರ ಮೇಲೆ ಬೀಳುವ ಹೊರೆಯನ್ನು ಪಾಳಿಯ ವೇಳಾಪಟ್ಟಿ ಬರೆಯುವವರು ಗಮನಿಸಬೇಕು.

ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಅಂಶ ಮುಂಗಡ. ಹಮಾಲರಿಗೆ, ಗಿರಣಿ ಕೆಲಸಗಾರರಿಗೆ ಮುಂಗಡ ಕೊಟ್ಟು ಕೂಲಿಯಲ್ಲಿ ಮುರಿದುಕೊಳ್ಳುವ ರೂಢಿ ಹಳೆಯದು. ಮುಂಗಡ ತೆಗೆದುಕೊಂಡವನು ಕಾಯಿಲೆ ಬಿದ್ದರೆ ಕೂಲಿಯೂ ಇಲ್ಲ, ಸಾಲವೂ ತೀರುವುದಿಲ್ಲ. ಅವನು ಆಸ್ಪತ್ರೆಗೆ ಹೋಗುವ ಬದಲು ತಲೆತಪ್ಪಿಸಿಕೊಂಡು ಓಡಾಡುತ್ತಾನೆ, ಮುಂದೆ ಕುಡಿತಕ್ಕೆ ಬೀಳುತ್ತಾನೆ. ಕುಡಿತವನ್ನು ದುರ್ಗುಣವೆಂದು ಬೈದು ಬಿಡುವುದು ಸುಲಭ. ಅದರ ಹಿಂದೆ ಎಷ್ಟೋ ಸಲ ಚಿಕಿತ್ಸೆಯಾಗದ ಖಿನ್ನತೆ ಇರುತ್ತದೆ. ಕಾಯಿಲೆಯ ತಿಂಗಳುಗಳಲ್ಲಿ ಮುಂಗಡದ ವಸೂಲಿಯನ್ನು ನಿಲ್ಲಿಸಿ, ಆಮೇಲೆ ಸಣ್ಣ ಕಂತುಗಳಲ್ಲಿ ಪಡೆಯುವುದಾಗಿ ಬರೆದು ಕೊಟ್ಟರೆ ಅದೊಂದೇ ಕ್ರಮ ಬಹಳಷ್ಟು ಭಾರವನ್ನು ಇಳಿಸುತ್ತದೆ.

ಗುರುತಿಸುವುದು, ಮಾತನಾಡಿಸುವುದು

ಲಕ್ಷಣಗಳು ಹೆಚ್ಚಾಗಿ ಮೊದಲು ಕಾಣುವುದು ಕೆಲಸದಲ್ಲಿಯೇ. ಹತ್ತು ವರ್ಷ ಕೀರ್ದಿ ಬರೆದು ಒಂದು ಪೈಸೆ ತಪ್ಪದ ಗುಮಾಸ್ತನ ತಾಳೆ ಇದ್ದಕ್ಕಿದ್ದಂತೆ ಕೂಡದಾಗುತ್ತದೆ. ಬಿಲ್ಲುಗಳು ನಾಲ್ಕು ದಿನ ತಡವಾಗಿ ಏರುತ್ತವೆ. ಎಲ್ಲರೊಡನೆ ನಗುತ್ತಿದ್ದವನು ಊಟದ ಡಬ್ಬಿ ಹಿಡಿದು ಒಂಟಿಯಾಗಿ ಕೂಡುತ್ತಾನೆ. ಸಣ್ಣ ಮಾತಿಗೆ ಸಿಡಿಯುತ್ತಾನೆ. ತಲೆನೋವು, ಎದೆ ಹಿಡಿದಂತಾಗುವುದು, ಮೈ ಉರಿ ಎಂದು ಪದೇ ಪದೇ ರಜೆ ಕೇಳುತ್ತಾನೆ. ನಮ್ಮ ಜನ ಮನಸ್ಸಿನ ನೋವನ್ನು ಮೈಯ ನೋವಾಗಿ ಹೇಳುವುದೇ ಹೆಚ್ಚು. ಇಂತಹ ಬದಲಾವಣೆ ಎರಡು ವಾರಕ್ಕಿಂತ ಹೆಚ್ಚು ಕಾಲ ಉಳಿದರೆ ವೈದ್ಯರಿಗೆ ತೋರಿಸುವುದು ಅಗತ್ಯ. ಇಲ್ಲದ ದನಿಗಳು ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆಂಬ ಬಲವಾದ ಸಂಶಯ, ಬದುಕಿದ್ದು ಪ್ರಯೋಜನವಿಲ್ಲವೆಂಬ ಮಾತು ಕಂಡುಬಂದರೆ ಎರಡು ವಾರ ಕಾಯಬಾರದು, ಅದೇ ದಿನ ಮನೆಯವರನ್ನು ಕರೆಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿಯವರೆಗೆ ಅಂತಹವರನ್ನು ಒಂಟಿಯಾಗಿ ಬಿಡಬಾರದು. ಸಾಯುವ ಮಾತನ್ನು ನೇರವಾಗಿ ಕೇಳಿದರೆ ಆ ವಿಚಾರ ಅವರ ತಲೆಗೆ ಹೊಕ್ಕುತ್ತದೆಂಬ ಭಯ ಆಧಾರವಿಲ್ಲದ್ದು. ಕೇಳಿದರೆ ಅವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಮಾತನಾಡಿಸಲು ವಿಶೇಷ ವಿದ್ಯೆ ಬೇಕಿಲ್ಲ. ನಾಲ್ವರ ಎದುರು ಕೇಳದೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪಕ್ಕಕ್ಕೆ ಕೂಡಿಸಿಕೊಂಡು ‘ಯಾಕ ತಮ್ಮಾ, ವಾರಾತು, ಮಾರಿ ಸಪ್ಪಗ ಐತಿ. ರಾತ್ರಿ ನಿದ್ದಿ ಹತ್ತತೈತೋ ಇಲ್ಲೋ?’ ಎಂದು ಕೇಳಿ ಸುಮ್ಮನೆ ಕೇಳಿಸಿಕೊಂಡರೆ ಸಾಕು. ‘ಗಟ್ಟಿ ಮನಸ್ಸು ಮಾಡಪಾ’ ಎಂಬ ಉಪದೇಶ ಮಾತ್ರ ಬೇಡ. ಮಧುಮೇಹದವನಿಗೆ ಗಟ್ಟಿ ಮನಸ್ಸು ಮಾಡಿ ಸಕ್ಕರೆ ಇಳಿಸಿಕೋ ಎಂದು ಯಾರೂ ಹೇಳುವುದಿಲ್ಲ. ಹಾಗೆ ಕೇಳಿದ ಸಂಗತಿ ಮಾಲೀಕರ ಬಾಯಿಂದ ಪಕ್ಕದ ಅಂಗಡಿಗೆ ಹೋದರೆ ಆ ಸಂಸ್ಥೆಯಲ್ಲಿ ಇನ್ನು ಯಾರೂ ಬಾಯಿ ಬಿಡುವುದಿಲ್ಲ. ಕೊಪ್ಪಳದಂತಹ ಊರಿನಲ್ಲಿ ಗುಟ್ಟು ಉಳಿಸುವುದು ಕಷ್ಟ. ಆದ್ದರಿಂದ ರಜೆ ಚೀಟಿಯಲ್ಲಿ ‘ವೈದ್ಯಕೀಯ ಕಾರಣ’ ಎಂದಷ್ಟೇ ಬರೆಸಿ, ಕಾಗದಪತ್ರಗಳನ್ನು ಮಾಲೀಕರೇ ಬೀಗದಲ್ಲಿಡುವುದು ಸೂಕ್ತ. ಹುಲಿಗೆಮ್ಮನಿಗೆ ಹರಕೆ ಹೊತ್ತವರನ್ನು ಹಳಿಯುವುದೂ ಬೇಡ. ಹರಕೆಗೂ ಮಾತ್ರೆಗೂ ವಿರೋಧವಿಲ್ಲ, ಮಾತ್ರೆ ನಿಲ್ಲಬಾರದು ಅಷ್ಟೆ.

ರಜೆಯ ವೆಚ್ಚ, ಬಿಟ್ಟುಹೋದ ವೆಚ್ಚ

ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ದಿನಕ್ಕೆ 40 ಟನ್ ಭತ್ತ ಅರೆಯುವ ಗಿರಣಿಯಲ್ಲಿ ಪಾಲಿಶರ್ ಯಂತ್ರ ನೋಡಿಕೊಳ್ಳುವ ಅನುಭವಿಯೊಬ್ಬನಿಗೆ ತಿಂಗಳಿಗೆ 20,000 ರೂ. ಸಂಬಳವಿದೆ ಎಂದಿಟ್ಟುಕೊಳ್ಳೋಣ. ಖಿನ್ನತೆಗೆ ಚಿಕಿತ್ಸೆ ಪಡೆಯಲು ಅವನಿಗೆ ಮೂರು ವಾರ ಸಂಬಳ ಸಹಿತ ರಜೆ ಕೊಟ್ಟರೆ ವೆಚ್ಚ 14,000 ರೂ. ಆ ಅವಧಿಗೆ ಬದಲಿ ವ್ಯಕ್ತಿಯ ಕೂಲಿ ಸೇರಿಸಿದರೂ 30,000 ರೂ. ದಾಟದು. ರಜೆ ಕೊಡದೆ ಅವನು ಬಿಟ್ಟುಹೋದನೆನ್ನಿ. ಹೊಸಬನಿಗೆ ಯಂತ್ರದ ಒತ್ತಡ ಹೊಂದಿಸುವ ಕೈಹದ ಬರಲು ಕಾಲ ಬೇಕು. ಅಲ್ಲಿಯವರೆಗೆ ನುಚ್ಚಿನ ಪ್ರಮಾಣ ಶೇ. 1ರಷ್ಟು ಏರಿತು ಎಂದುಕೊಳ್ಳೋಣ. 40 ಟನ್ ಭತ್ತಕ್ಕೆ ಶೇ. 65ರಂತೆ 26 ಟನ್ ಅಕ್ಕಿ, ಅದರ ಶೇ. 1 ಎಂದರೆ 260 ಕಿಲೋ. ಅಕ್ಕಿಗೂ ನುಚ್ಚಿಗೂ ಕಿಲೋಗೆ 20 ರೂ. ಅಂತರವಿದ್ದರೆ ದಿನಕ್ಕೆ 5,200 ರೂ., 25 ದಿನಗಳ ತಿಂಗಳಿಗೆ 1,30,000 ರೂ. ನಷ್ಟ. ಬದಲಿ ವ್ಯಕ್ತಿ ರಜೆಯ ದಿನಗಳಲ್ಲಿ ಯಂತ್ರ ನಡೆಸಿದಾಗಲೂ ಸ್ವಲ್ಪ ನುಚ್ಚು ಹೆಚ್ಚಾಗುವುದು ನಿಜ. ಆದರೆ ಅದು ಮೂರು ವಾರಕ್ಕೆ ಮುಗಿಯುತ್ತದೆ, ಬಿಟ್ಟುಹೋದುದರ ನಷ್ಟ ಹಲವು ತಿಂಗಳು ಎಳೆಯುತ್ತದೆ. ಅಂಕಿಗಳನ್ನು ಪ್ರತಿ ಗಿರಣಿಯವರೂ ತಮ್ಮ ಲೆಕ್ಕಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು. ಫಲಿತಾಂಶದ ದಿಕ್ಕು ಬದಲಾಗುವುದು ಅಪರೂಪ. ಈ ನಷ್ಟ ‘ಇಳುವರಿ ಕಡಿಮೆ’ ಎಂಬ ಶೀರ್ಷಿಕೆಯಲ್ಲಿ ಅಡಗಿರುತ್ತದಾದ್ದರಿಂದ ಅದಕ್ಕೂ ಆ ಕೆಲಸಗಾರನಿಗೂ ಸಂಬಂಧ ಕಲ್ಪಿಸುವವರಿಲ್ಲ.

ಖಿನ್ನತೆಯ ಔಷಧಿಗಳು ಕೆಲಸ ಆರಂಭಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಗುಣ ಕಂಡ ಮೇಲೂ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕಾಗುತ್ತದೆ. ಮರಳಿ ಬಂದವನನ್ನು ಮೊದಲ ಕೆಲವು ವಾರ ಹಗಲು ಪಾಳಿಯಲ್ಲಿಡುವುದು, ಔಷಧಿಯಿಂದ ತೂಕಡಿಕೆ ಇದ್ದರೆ ಬಾಯ್ಲರ್ ಮತ್ತು ಬೆಲ್ಟುಗಳ ಬಳಿಯ ಕೆಲಸ ಕೊಡದಿರುವುದು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಲು ಅರ್ಧ ದಿನ ಬಿಡುವುದು ಮಾಲೀಕರು ಮಾಡಬಹುದಾದ ಸಣ್ಣ ವ್ಯವಸ್ಥೆಗಳು.

ಕಾನೂನು ಮತ್ತು ವಿಮೆ

2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 21ನೇ ಕಲಮಿನ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಗಳಿಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗಳ ಚಿಕಿತ್ಸೆಗೂ ರಕ್ಷಣೆ ಕೊಡಬೇಕು. ಸಿಬ್ಬಂದಿಗೆ ಸಾಮೂಹಿಕ ವಿಮೆ ಮಾಡಿಸಿರುವ ಸದಸ್ಯರು ನವೀಕರಣದ ವೇಳೆ ಈ ಅಂಶವನ್ನು ಪಾಲಿಸಿಯಲ್ಲಿ ಓದಿ ನೋಡಬೇಕು. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಿನ ವೆಚ್ಚವನ್ನು ಮಾತ್ರ ಭರಿಸುತ್ತವೆ. ಮಾನಸಿಕ ಚಿಕಿತ್ಸೆ ಬಹುಪಾಲು ಹೊರರೋಗಿ ವಿಭಾಗದಲ್ಲಿಯೇ ನಡೆಯುತ್ತದೆ. ವಿಮೆಯೊಂದನ್ನೇ ನಂಬಿ ಕೂಡುವಂತಿಲ್ಲ.

ಇಎಸ್‌ಐ ವ್ಯಾಪ್ತಿಗೆ ಒಳಪಟ್ಟ ಘಟಕಗಳಿಗೆ ಇನ್ನೊಂದು ಮುಖ್ಯ ಸೌಲಭ್ಯವಿದೆ. ಮಾಲೀಕರ ಪಾಲು ಶೇ. 3.25 ಮತ್ತು ಕೆಲಸಗಾರರ ಪಾಲು ಶೇ. 0.75ರಂತೆ ವಂತಿಗೆ ಪ್ರತಿ ತಿಂಗಳೂ ಸಂದಾಯವಾಗುತ್ತಿರುತ್ತದೆ. ಪ್ರತಿಯಾಗಿ ಏನು ಸಿಗುತ್ತದೆಂದು ಕೇಳುವವರು ಕಡಿಮೆ. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಸಿಗುತ್ತದೆ. ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾ, ತೀವ್ರ ಖಿನ್ನತೆಯ ಒಂದು ಬಗೆ, ಉನ್ಮಾದ-ಖಿನ್ನತೆಯ ಕಾಯಿಲೆ, ಮರೆಗುಳಿತನ ಸೇರಿವೆ. ಎರಡು ವರ್ಷ ಸತತವಾಗಿ ವಿಮೆಯುಳ್ಳ ಕೆಲಸದಲ್ಲಿದ್ದು ವಂತಿಗೆಯ ಷರತ್ತುಗಳನ್ನು ಪೂರೈಸಿದವರಿಗೆ ಈ ಕಾಯಿಲೆಗಳಿಗಾಗಿ ಎರಡು ವರ್ಷಗಳವರೆಗೂ ಕೂಲಿಯ ಶೇ. 80ರಷ್ಟು ದೊರೆಯುವ ಅವಕಾಶವಿದೆ. ಕೆಲಸಗಾರನನ್ನು ಪಟ್ಟಿಯಿಂದ ತೆಗೆದುಹಾಕಿದ ದಿನವೇ ಆ ಹಕ್ಕಿಗೆ ಧಕ್ಕೆ ಬರುತ್ತದೆಂಬುದನ್ನು ಮರೆಯಬಾರದು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು ಆ ಕಾಯಿದೆ ಹೇಳುತ್ತದೆ; ಪಾಲಿಸುವವರು ವಿರಳ. ವಾರಕ್ಕೆ 48 ಗಂಟೆ, ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ಎಂಬ ನಿಯಮವಂತೂ 1948ರ ಕಾರ್ಖಾನೆ ಕಾಯಿದೆಯ ಕಾಲದಿಂದಲೂ ಇದೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಮುಂದುವರಿದಿದೆ. ಸುಗ್ಗಿಯ ನೆಪದಲ್ಲಿ ಅದನ್ನು ಮುರಿಯದಿದ್ದರೆ ಅರ್ಧ ಕೆಲಸ ಮುಗಿದಂತೆ.

ಮಾಲೀಕರ ಮನಸ್ಸು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ಮಾಲೀಕರನ್ನು ಮಾತನಾಡಿಸುವವರು ಯಾರು? 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧವಾಯಿತು. ತೆರವಾದುದು 2024ರ ಸೆಪ್ಟೆಂಬರ್ 28ರಂದು. ನಡುವೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂಡುವವರೆಗಿನ ಆ ಒಂದು ವಾರ, ಭತ್ತವನ್ನೇ ನಂಬಿದ ಗಿರಣಿ ಮಾಲೀಕರು ಹಾಗೂ ಅಡತಿದಾರರು ನದಿಗೆ ಹರಿದುಹೋಗುವ ನೀರನ್ನು ನೋಡುತ್ತ ಕಳೆದುದನ್ನು ಇಲ್ಲಿ ಯಾರೂ ಮರೆತಿಲ್ಲ. ರೈತನಿಗೆ ಕೊಟ್ಟ ಉದ್ರಿ ಬರುವುದಿಲ್ಲ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ಅನುತ್ಪಾದಕವಾಗುತ್ತದೆ. ಆ ಹೊತ್ತಿಗೆ ಸಾಹುಕಾರನೆಂದು ಕರೆಸಿಕೊಂಡವನು ತನ್ನ ಕಷ್ಟವನ್ನು ಮನೆಯಲ್ಲಿಯೂ ಹೇಳುವುದಿಲ್ಲ, ಪೇಟೆಯಲ್ಲಿಯೂ ಹೇಳುವಂತಿಲ್ಲ. ಹೇಳಿದರೆ ಪತ ಹೋಗುತ್ತದೆ. ಹೆಚ್ಚಿನ ಬಡ್ಡಿಗೆ ಕೈಗಡ ತಂದು ಹಳೆಯ ಸಾಲ ತೀರಿಸುವ ದಾರಿ ಹಿಡಿಯುತ್ತಾನೆ.

ಇಂತಹ ಸಂದರ್ಭದಲ್ಲಿ ಸಾಲದ ಪುನರ್‌ವ್ಯವಸ್ಥೆಗಾಗಿ ಬ್ಯಾಂಕಿನ ಬಳಿ ಹೋಗಬೇಕಾದುದು 90 ದಿನ ತುಂಬುವ ಮೊದಲು. ಸೂಕ್ಷ್ಮ ಮತ್ತು ಸಣ್ಣ ಉದ್ಯಮವಾಗಿ ನೋಂದಾಯಿತ ಗಿರಣಿಗೆ ಖರೀದಿದಾರರು 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇಡಿ ಕಾಯಿದೆ ಹೇಳುತ್ತದೆ; ತಡವಾದರೆ ಬಡ್ಡಿ ಕೇಳುವ ಹಕ್ಕೂ ಇದೆ. ಈ ದಾರಿಗಳನ್ನು ತಿಳಿಸಿಕೊಡುವುದು ಲೆಕ್ಕಪರಿಶೋಧಕರ ಕೆಲಸ. ಲೆಕ್ಕದ ಕಡತ ತರುವ ಗಿರಾಕಿ ಎರಡು ತಿಂಗಳಿಂದ ಫೋನಿಗೇ ಸಿಗದಿದ್ದರೆ, ರಿಟರ್ನ್ ಸಲ್ಲಿಸುವ ಗಡುವನ್ನು ಹೇಳುವ ಮೊದಲು ಅವರ ಮನೆಗೊಮ್ಮೆ ಹೋಗಿ ಬರುವುದು ಸಹ ಆ ಕೆಲಸದ ಭಾಗವೇ.

ಸದಸ್ಯ ಸಂಸ್ಥೆಗಳು ಈ ತಿಂಗಳೇ ಆರಂಭಿಸಬಹುದಾದ ಒಂದು ಕ್ರಮವಿದೆ. 14416 ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿಸಿ ಹಾಜರಿ ಪುಸ್ತಕವಿರುವ ಗೋಡೆಯ ಮೇಲೆ ಹಚ್ಚುವುದು. ಅದರ ಕೆಳಗೆ, ಚಿಕಿತ್ಸೆಗಾಗಿ ರಜೆ ಪಡೆದವರ ಕೆಲಸ ಕಾಯ್ದಿರಿಸಲಾಗುವುದು ಎಂದು ಒಂದು ಸಾಲು ಬರೆದು ಮಾಲೀಕರು ಸಹಿ ಹಾಕುವುದು. ಓದಲು ಬಾರದವರಿಗಾಗಿ ಬಟವಾಡೆಯ ದಿನ ಅದನ್ನು ಓದಿ ಹೇಳಬೇಕು.